ಎಂಟರ್ ಹೊಡಿ ಅಂದವನು ನಾನೇ!

ಬರೆಯದೆ ತುಂಬಾ ದಿನ ಆಗಿತ್ತು. ಈ ವಾರ ಒಂದು ವಿಷಯ ತಲೆ ಕೊರೀತಾ ಇದೆ, ಬರೆದು ಹಗುರಾಗೋಣ ಅಂತ ಕೂತಿದ್ದೀನಿ. ಲಿನಕ್ಸ್ ಅಂದ್ರೆ ಆಗದವರೂ ಓದಬಹುದು. ಯಾಕಂದ್ರೆ ಈ ಸಲ ತಪ್ಪು ಲಿನಕ್ಸ್‌ದಲ್ಲ, ನನ್ನದು :)

ನನ್ನ ಚಿಕ್ಕಮ್ಮನ ಮಗ ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದ್ದಾನೆ. ರಜೆಗೆ ಬೆಂಗಳೂರಿಗೆ ಬಂದಿದ್ದಾಗ ಅವನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟೆ. ಅವನು ಕೇಳಿದ್ದು ಒಂದೇ ಪ್ರಶ್ನೆ. "ಗೇಮ್ ಓಡುತ್ತಾ ಅಣ್ಣ?"

"ಓಡದೇ ಏನು!" ಅಂತ ಜಂಬದಿಂದ ಹೇಳಿದೆ. ಪೂರ್ತಿ ಸುಳ್ಳೇನಲ್ಲ. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಬಿಟ್ಟ ಮೇಲೆ ವಿಂಡೋಸ್‌ಗೆಂದು ಬರೆದ ಸಾವಿರಾರು ಗೇಮುಗಳು ಲಿನಕ್ಸ್ ಮೇಲೆ ಓಡ್ತಿವೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಒಳಗಿರೋದೂ ಲಿನಕ್ಸೇ. ಆದರೆ ನಾನು ಹೇಳದೇ ಬಿಟ್ಟದ್ದು ಬಹಳ ಇತ್ತು.

ಊರಿಗೆ ಹೋದ ಮೇಲೆ ಫೋನ್ ಮಾಡಿದ. "ಅಣ್ಣ, ಬೈಕ್ ರೇಸ್ ಗೇಮ್ ಹಾಕ್ದೆ. ಬೈಕು ಎತ್ತಿನಗಾಡಿ ಥರ ಹೋಗ್ತಿದೆ."

ಅಲ್ಲಿಂದ ಶುರುವಾಯ್ತು ನನ್ನ ವೈದ್ಯ. ಲಾಗ್ ಕೇಳಲಿಲ್ಲ, ಏನೂ ನೋಡಲಿಲ್ಲ. ನನಗೆ ಹಿಂದೊಮ್ಮೆ ಉಪಯೋಗಕ್ಕೆ ಬಂದಿದ್ದ ಹಳೇ ಕಮಾಂಡುಗಳನ್ನು ಒಂದಾದ ಮೇಲೊಂದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದೆ. ಇದ್ದ ಡ್ರೈವರ್ ಕಿತ್ತುಹಾಕು, ಇನ್ನೊಂದು ಹಾಕು, ಡಿಸ್‌ಪ್ಲೇಗೆ ಹೊಸ ಕಾನ್ಫಿಗ್ ಫೈಲ್ ಮಾಡಿಸು, ರೀಬೂಟ್ ಮಾಡು. ಪಾಪ, ಹುಡುಗ ಒಂದಕ್ಷರ ಬಿಡದೆ ಎಲ್ಲಾ ಟೈಪ್ ಮಾಡಿದ. ರೀಬೂಟ್ ಆದ ಮೇಲೆ ಪರದೆ ಪೂರ್ತಿ ಕಪ್ಪು. ಭಾನುವಾರ ರಾತ್ರಿ ಹನ್ನೊಂದು ಗಂಟೆ. ಸೋಮವಾರ ಬೆಳಿಗ್ಗೆ ಕೊಡಬೇಕಾಗಿದ್ದ ಪ್ರಾಜೆಕ್ಟ್ ರಿಪೋರ್ಟ್ ಆ ಲ್ಯಾಪ್‌ಟಾಪಿನ ಒಳಗೇ ಇತ್ತು, ಬೇರೆಲ್ಲೂ ಕಾಪಿ ಇರಲಿಲ್ಲ....

ಕಂಟ್ರೋಲ್, ಆಲ್ಟ್, ಎಫ್-3 ಒಟ್ಟಿಗೆ ಒತ್ತಿಸಿ, ಬರೀ ಅಕ್ಷರದ ಪರದೆಗೆ ಹೋಗಿಸಿ, ಫೋನಿನಲ್ಲೇ ಒಂದೊಂದು ಸಾಲು ಓದಿಸಿದೆ. ನಾನು ಮಾಡಿಸಿದ್ದ ಕಾನ್ಫಿಗ್ ಫೈಲು "ಈ ಡ್ರೈವರನ್ನೇ ಬಳಸು" ಅಂತ ಹಟ ಹಿಡಿದಿತ್ತು. ಆ ಡ್ರೈವರೋ ಲೋಡೇ ಆಗಿರಲಿಲ್ಲ. ಫೈಲನ್ನು ಪಕ್ಕಕ್ಕೆ ಸರಿಸಿದ ಮೇಲೆ ಪರದೆ ಬಂತು. ಆಗ ಗಂಟೆ ಎರಡು. ರಿಪೋರ್ಟ್ ಉಳೀತು. ಫೋನ್ ಇಡುವಾಗ ಅವನು ಹೇಳಿದ್ದಿಷ್ಟೇ. "ಅಣ್ಣ, ನಂಗೆ ಬೈಕ್ ಓಡಿಸ್ಬೇಕಿತ್ತು ಅಷ್ಟೇ."

ಆ ಮಾತು ಚೆನ್ನಾಗಿ ನಾಟಿತು. ಮಾರನೇ ದಿನ ಕೊನೆಗೂ ಲಾಗ್ ತರಿಸಿ ಓದಿದೆ. ಸಮಸ್ಯೆ ಒಂದೇ ಸಾಲಿನಲ್ಲಿತ್ತು. ಡ್ರೈವರಿನ ಕರ್ನಲ್ ಮಾಡ್ಯೂಲಿಗೆ ಹಾಕಿದ ಸಹಿಯ ಕೀಲಿಯನ್ನು ಕರ್ನಲ್ ಒಪ್ಪಿರಲಿಲ್ಲ.

ಇದು ಸೆಕ್ಯೂರ್ ಬೂಟ್ ಕೆಲಸ. ಅದು ಆನ್ ಇದ್ದರೆ, ಸಾಮಾನ್ಯವಾಗಿ ನಂಬಿಕೆಯ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳೋದಿಲ್ಲ. ಹೊರಗಿನ ಡ್ರೈವರ್ ಹಾಕುವಾಗ ಎಷ್ಟೋ ಡಿಸ್ಟ್ರೋಗಳು ನಿಮ್ಮ ಮಷೀನಿನಲ್ಲೇ ಒಂದು ಕೀಲಿ ತಯಾರು ಮಾಡಿ, ಒಂದು ಪಾಸ್‌ವರ್ಡ್ ಕೇಳುತ್ತವೆ. ರೀಬೂಟ್ ಆದಾಗ ಒಂದು ನೀಲಿ ಪರದೆ ಬರುತ್ತೆ. ಅಲ್ಲಿ ಕೀಲಿ ನೋಂದಾಯಿಸುವ ಆಯ್ಕೆಗೆ ಹೋಗಿ ಅದೇ ಪಾಸ್‌ವರ್ಡ್ ಕೊಡಬೇಕು. ಸುಮ್ಮನೆ ಎಂಟರ್ ಒತ್ತಿದರೆ ನೋಂದಣಿ ಆಗದೆಯೇ ಬೂಟ್ ಮುಂದುವರಿಯುತ್ತೆ.

ಈಗ ನೆನಪಾಯ್ತು. ಡ್ರೈವರ್ ಹಾಕಿದ ದಿನ ಅವನು ಫೋನ್ ಮಾಡಿದ್ದ. "ಏನೋ ನೀಲಿ ಸ್ಕ್ರೀನ್ ಬಂದಿದೆ ಅಣ್ಣ, ಕೀ ಅಂತಿದೆ." ನಾನು ಆಫೀಸ್ ಮೀಟಿಂಗ್‌ಗೆ ಓಡ್ತಿದ್ದೆ. "ಅದೇನಿಲ್ಲ, ಎಂಟರ್ ಹೊಡಿ" ಅಂದಿದ್ದೆ!

ಅವನ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ ಎರಡು. ಪ್ರೊಸೆಸರ್ ಒಳಗೊಂದು ಚಿಕ್ಕದು, ಗೇಮಿಗೆಂದೇ ಬೇರೆ ದೊಡ್ಡದು. ದೊಡ್ಡದರ ಡ್ರೈವರ್ ಬರಲಿಲ್ಲ, ಚಿಕ್ಕದು ಸದ್ದಿಲ್ಲದೆ ಹೊರೆ ಹೊತ್ತುಕೊಂಡಿತು. ಗೇಮ್ ತೆರೆಯಿತು, ಓಡಿತು, ಆದರೆ ತೆವಳಿತು. ಸಿಸ್ಟಮ್ ಎಲ್ಲೂ "ದೊಡ್ಡ ಚಿಪ್ ಕೆಲಸ ಮಾಡ್ತಿಲ್ಲ" ಅಂತ ಬಾಯಿಬಿಡಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಲಿನಕ್ಸಿಗೆ ಹೊಸದಾಗಿ ಬಂದವರನ್ನು ಓಡಿಸೋದು ಡ್ರೈವರಿಗಿಂತ ಹೆಚ್ಚಾಗಿ ನಮ್ಮಂಥವರು. ನೋಡದೆ ಔಷಧಿ ಬರೆಯೋ ಡಾಕ್ಟರಿಗೂ ನಮಗೂ ಏನು ವ್ಯತ್ಯಾಸ? ವಿಂಡೋಸ್ ಗೇಮ್ ಒಂದು ಲಿನಕ್ಸ್ ಮೇಲೆ ಚಿತ್ರ ಬಿಡಿಸಬೇಕಾದರೆ ಎಷ್ಟು ಮೆಟ್ಟಿಲು ಇಳಿಯಬೇಕು ನೋಡಿ. ಗೇಮ್ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಕೇಳುತ್ತೆ, ಪ್ರೋಟಾನ್ ಒಳಗಿನ ಡಿಎಕ್ಸ್‌ವಿಕೆ ಥರದ ಅನುವಾದಕ ಅದನ್ನು ವಲ್ಕನ್‌ಗೆ ತಿರುಗಿಸುತ್ತೆ, ಅಲ್ಲಿಂದ ಡ್ರೈವರಿನ ಲೈಬ್ರರಿ, ಆಮೇಲೆ ಕರ್ನಲ್ ಮಾಡ್ಯೂಲ್, ಕೊನೆಗೆ ಚಿಪ್. ಎಲ್ಲಿ ಬೇಕಾದರೂ ಕೊಂಡಿ ತಪ್ಪಬಹುದು. ಹಳೇ 32-ಬಿಟ್ ಗೇಮ್ ಆದರೆ 32-ಬಿಟ್ ಲೈಬ್ರರಿಯೇ ಇಲ್ಲದಿರಬಹುದು. ಡ್ರೈವರ್ ಅಪ್‌ಡೇಟ್ ಆಗಿ ಹಳೇ ಮಾಡ್ಯೂಲ್ ಇನ್ನೂ ಮೆಮೊರಿಯಲ್ಲಿ ಕೂತಿರಬಹುದು, ಅದಕ್ಕೆ ಒಂದು ರೀಬೂಟ್ ಸಾಕು. ಯಾವ ಮೆಟ್ಟಿಲು ಅಂತ ಗೊತ್ತಿಲ್ಲದೆ ಎಲ್ಲವನ್ನೂ ಕಿತ್ತರೆ ಇದ್ದ ಮೆಟ್ಟಿಲೂ ಹೋಗುತ್ತೆ.

ಆದ್ದರಿಂದ ಮೊದಲ ಪ್ರಶ್ನೆ "ಈಗ ಯಾವ ಚಿಪ್ ಚಿತ್ರ ಬಿಡಿಸ್ತಿದೆ?" ಆಗಿರಬೇಕು. ರೆಂಡರರ್ ಹೆಸರು ನೋಡಿದರೆ ಗೊತ್ತಾಗುತ್ತೆ. ಅಲ್ಲಿ ಎಲ್ಎಲ್‌ವಿಎಂ-ಪೈಪ್ ಅಂತಿದ್ದರೆ ಯಾವ ಚಿಪ್ಪೂ ಇಲ್ಲ, ಪ್ರೊಸೆಸರೇ ಒದ್ದಾಡ್ತಿದೆ ಅಂತ ಅರ್ಥ. ಎರಡನೇ ಪ್ರಶ್ನೆ, ಮಾಡ್ಯೂಲ್ ಲೋಡ್ ಆಗಿದೆಯಾ? ಮೂರನೇದು, ಆಗದಿದ್ದರೆ ಕರ್ನಲ್ ಲಾಗ್ ಏನು ಹೇಳುತ್ತೆ? ಮೂರೂ ಬರೀ ನೋಡುವ ಕೆಲಸ, ಏನನ್ನೂ ಮುಟ್ಟೋದಿಲ್ಲ. ನಾನು ಐದು ನಿಮಿಷ ಕೊಟ್ಟಿದ್ದರೆ ಆ ಭಾನುವಾರ ರಾತ್ರಿ ಇಬ್ಬರೂ ನಿದ್ದೆ ಮಾಡಬಹುದಿತ್ತು.

"ಗೇಮ್ ಆಡೋನಿಗೆ ಇದೆಲ್ಲ ಯಾಕ್ರೀ ಗೊತ್ತಿರಬೇಕು?" ಅಂತ ನೀವು ಕೇಳಬಹುದು. ಖಂಡಿತ ಬೇಕಿಲ್ಲ. ಡಿಸ್ಟ್ರೋ ಮಾಡುವವರೇ "ಕೀಲಿ ನೋಂದಣಿ ಆಗಿಲ್ಲ, ಅದಕ್ಕೆ ದೊಡ್ಡ ಚಿಪ್ ಬಂದಿಲ್ಲ" ಅಂತ ಡೆಸ್ಕ್‌ಟಾಪ್ ಮೇಲೆ ಒಂದು ಸಾಲು ತೋರಿಸಬೇಕು. ಚಿಪ್ ಕಂಪನಿಗಳ ಪಾಲೂ ಇದೆ. ಎಎಂಡಿ 2007ರಲ್ಲಿ ಚಿಪ್ ವಿವರಗಳನ್ನು ಹೊರಗಿಡುವ ನಿರ್ಧಾರ ಪ್ರಕಟಿಸಿತು. ಈಗ ಅದರ ಡ್ರೈವರ್ ಕರ್ನಲ್ ಮತ್ತು ಮೆಸಾ ಒಳಗೇ ಬರುತ್ತೆ, ಈ ಕೀಲಿಯ ರಗಳೆಯೇ ಇಲ್ಲ. ಎನ್ವಿಡಿಯಾ 2022ರ ಮೇ ತಿಂಗಳಲ್ಲಿ ಕರ್ನಲ್ ಭಾಗದ ಸೋರ್ಸ್ ತೆರೆದಿಟ್ಟಿತು. ಆದರೂ ಅದು ಕರ್ನಲ್ಲಿನಿಂದ ಬೇರೆಯಾಗಿಯೇ ಬರುತ್ತೆ, ಮೇಲಿನ ಲೈಬ್ರರಿಗಳು ಮುಚ್ಚಿಯೇ ಇವೆ. ಕರ್ನಲ್ ಜೊತೆಗೇ ಬರುವ ಡ್ರೈವರಿನ ಬೆಲೆ ಇಂಥಾ ರಾತ್ರಿಗಳಲ್ಲೇ ಗೊತ್ತಾಗೋದು.

ಆದರೆ ಅದೆಲ್ಲ ಆಗುವವರೆಗೆ, "ಹಾಕ್ಕೋ, ಚೆನ್ನಾಗಿದೆ" ಅಂತ ಹೇಳಿದವರ ಮೇಲೇ ಜವಾಬ್ದಾರಿ. ಯಾವ ಗೇಮ್ ಆಡ್ತೀಯ ಅಂತ ಮೊದಲೇ ಕೇಳಬೇಕು. ಮೋಸ ತಡೆಯುವ ಸಾಫ್ಟ್‌ವೇರ್ ಇರುವ ಕೆಲವು ಆನ್‌ಲೈನ್ ಗೇಮುಗಳು, ಡ್ರೈವರ್ ಎಷ್ಟೇ ಸರಿ ಇದ್ದರೂ ಲಿನಕ್ಸ್ ಮೇಲೆ ಓಡೋದಿಲ್ಲ. ಅದನ್ನೂ ಆವತ್ತೇ ಹೇಳಿಬಿಡಬೇಕು.

ಅಂದಹಾಗೆ, ಆ ವಾರವೇ ಕೀಲಿ ನೋಂದಾಯಿಸಿದೆವು. ಬೈಕ್ ಸರಾಗವಾಗಿ ಓಡ್ತಿದೆಯಂತೆ. ಆದರೂ ಅವನು ಪಕ್ಕದಲ್ಲಿ ವಿಂಡೋಸ್ ಕೂಡ ಹಾಕಿಸಿಕೊಂಡಿದ್ದಾನೆ. "ಸಬ್ಮಿಷನ್ ಟೈಮ್‌ನಲ್ಲಿ ಇರ್ಲಿ ಅಂತ ಅಣ್ಣ" ಅಂದ. ಬೇಜಾರಾಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದರೆ ಅವನನ್ನು ತಪ್ಪು ಅನ್ನೋ ಮುಖ ನನಗಿಲ್ಲ :(

ನೀವೂ ಯಾರಿಗಾದರೂ "ಎಂಟರ್ ಹೊಡಿ" ಅಂದಿದ್ದೀರಾ? ಇದ್ದರೆ ಇವತ್ತೇ ಒಂದು ಫೋನ್ ಮಾಡಿ ವಿಚಾರಿಸಿ.