ಹುಲ್ಲು ತರುವ ಟ್ರೈಲರ್‌ನ ಟೈರ್ ವಿಷಯಕ್ಕೆ ನಾವೂ ಬಾಯಿ ಹಾಕೋಣ

ಹಾಲು ಉತ್ಪಾದಕ ಸಹೋದರಿಯರೇ,

ಕಾರವಾರ, ಅಂಕೋಲಾ ಕಡೆಯ ಕೊಟ್ಟಿಗೆಗಳಿಗೆ ಬೇಕಾದಷ್ಟು ಒಣಹುಲ್ಲು ನಮ್ಮ ಗದ್ದೆಗಳಲ್ಲಿ ಆಗುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಉಳಿದದ್ದು ಮುಂಡಗೋಡ, ಹಳಿಯಾಳ, ಹಾನಗಲ್ಲ ಕಡೆಯಿಂದ ಘಟ್ಟ ಇಳಿದು ಬರಬೇಕು. ಹಸುವೊಂದಕ್ಕೆ ದಿನಕ್ಕೆ ಐದು ಕಿಲೋ ಎಂದು ಹಿಡಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರು ಕ್ವಿಂಟಲ್ ಬೇಕು. ಎರಡು ಹಸು ಇದ್ದವರಿಗೆ ಹನ್ನೆರಡು. ಮಳೆ ಹಿಡಿಯುವ ಮೊದಲು ಅದು ಅಟ್ಟ ಸೇರದಿದ್ದರೆ, ಅಥವಾ ದಾರಿಯಲ್ಲಿ ನಿಂತು ನೆನೆದು ಬೂಸು ಹಿಡಿದರೆ, ಪೆಟ್ಟು ಬೀಳುವುದು ಹಾಲಿನ ಬಿಲ್ಲಿಗೆ. ಒಣಮೇವು ಕಡಿಮೆಯಾದ ಹಸುವಿನ ಹಾಲಿನಲ್ಲಿ ಮೊದಲು ಇಳಿಯುವುದೇ ಫ್ಯಾಟ್.

ಆ ಹುಲ್ಲು ತರುವುದು ಟ್ರೈಲರ್. ಪಶು ಆಹಾರದ ಚೀಲ, ಗೊಬ್ಬರ, ಕೊಟ್ಟಿಗೆಗೆ ಚಿರೆಕಲ್ಲು ತರುವುದೂ ಅದೇ. ಬಾಡಿಗೆ ನಮ್ಮ ಹಾಲಿನ ದುಡ್ಡಿನಿಂದಲೇ ಹೋಗುತ್ತದೆ. ಸ್ವಂತ ಟ್ರೈಲರ್ ಇದ್ದ ಮನೆಯಲ್ಲಿ ಟೈರ್‌ಗೂ ಹಾಲಿನ ದುಡ್ಡೇ. ಆದರೆ ಟೈರ್ ಬದಲಿಸುವ ದಿನ ನಮ್ಮನ್ನು ಕೇಳುವವರಿಲ್ಲ. ಗಂಡಸರು ಪೇಟೆಗೆ ಹೋಗುತ್ತಾರೆ, ಕಡಿಮೆ ದರಕ್ಕೆ ಸಿಕ್ಕಿದ್ದನ್ನು ಹಾಕಿಸಿಕೊಂಡು ಬರುತ್ತಾರೆ. ಹಸು ಕೊಳ್ಳುವಾಗ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಸುಳಿ ನೋಡಿ ಕೊಳ್ಳುವ ನಾವು ಟೈರ್ ನೋಡಬಾರದೆಂದು ಎಲ್ಲಿದೆ?

ಟೈರ್‌ಗೂ ವಯಸ್ಸು ಇದೆ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಉಬ್ಬಾಗಿ ಒತ್ತಿರುತ್ತದೆ. 3124 ಎಂದಿದ್ದರೆ 2024ನೇ ಇಸವಿಯ 31ನೇ ವಾರದಲ್ಲಿ ತಯಾರಾದದ್ದು. ಲಾರಿ ಟೈರ್ ಓಡಿ ಸವೆಯುತ್ತದೆ. ನಮ್ಮ ಟ್ರೈಲರ್ ಟೈರ್ ಹಾಗಲ್ಲ, ಅದು ನಿಂತೇ ಹಾಳಾಗುತ್ತದೆ. ವರ್ಷದಲ್ಲಿ ಎಷ್ಟೋ ತಿಂಗಳು ಬಿಸಿಲಿನಲ್ಲಿ, ಒಂದೇ ಜಾಗದಲ್ಲಿ ನಿಂತಿರುತ್ತದೆ. ಪಟ್ಟಿ ಹೊಸದರಂತೆ ಕಾಣುತ್ತದೆ, ಗೋಡೆಯಲ್ಲಿ ಮಾತ್ರ ಕೂದಲೆಳೆಯ ಬಿರುಕು. ಪಟ್ಟಿ ಎಷ್ಟೇ ದಪ್ಪವಿರಲಿ, ಅಂಥ ಟೈರ್ ಭಾರದ ಕೆಲಸಕ್ಕೆ ಬೇಡ. ಅಂಗಡಿಯಲ್ಲಿ ‘ಹೊಸದು’ ಎಂದು ಕೊಡುವ ಟೈರ್ ಮೂರು ನಾಲ್ಕು ವರ್ಷ ಗೋದಾಮಿನಲ್ಲಿ ಕೂತಿದ್ದರೂ ಈ ನಾಲ್ಕು ಅಂಕಿ ಸುಳ್ಳು ಹೇಳುವುದಿಲ್ಲ.

ಎರಡನೆಯದು ಭಾರ. ಹುಲ್ಲು ನೋಡಲು ದೊಡ್ಡದು, ತೂಕಕ್ಕೆ ಹಗುರ. ಟೈರ್ ಒಡೆಯುವುದು ಹೆಚ್ಚಾಗಿ ಚೀಲ, ಕಲ್ಲು, ಹಸಿ ಗೊಬ್ಬರ ಹೇರಿದಾಗ. ಐವತ್ತು ಕಿಲೋದ ನೂರು ಚೀಲ ಎಂದರೆ ಐದು ಟನ್. ಟ್ರೈಲರ್‌ನ ಸ್ವಂತ ತೂಕ ಒಂದೂವರೆ ಟನ್ ಎಂದಿಟ್ಟುಕೊಳ್ಳಿ. ನಾಲ್ಕು ಗಾಲಿಗೆ ಹಂಚಿದರೆ ಒಂದೊಂದರ ಮೇಲೆ 1,625 ಕಿಲೋ, ಅದೂ ಭಾರ ಸರಿಸಮ ಕೂತಿದ್ದರೆ. ಇಳಿಜಾರಿನಲ್ಲಿ, ತಿರುವಿನಲ್ಲಿ ಒಂದು ಬದಿಗೆ ಇನ್ನೂ ಹೆಚ್ಚು. ಟೈರ್ ಎಷ್ಟು ಕಿಲೋ ತಡೆಯುತ್ತದೆಂದು ಅದರ ಮೇಲೆಯೇ ಬರೆದಿರುತ್ತದೆ, ಪ್ಲೈ ಎಷ್ಟೆಂದೂ ಇರುತ್ತದೆ. ಲೆಕ್ಕ ಹಾಕಿದ್ದಕ್ಕಿಂತ ಸ್ವಲ್ಪ ಹೆಚ್ಚೇ ತಡೆಯುವುದನ್ನು ಆರಿಸಿ. ‘ಸೈಜ್ ಒಂದೇ ಅಲ್ಲವಾ’ ಎಂದು ಅಂಗಡಿಯವರು ಕಡಿಮೆ ಪ್ಲೈಯದನ್ನು ಮುಂದಿಟ್ಟರೆ ಒಪ್ಪಬೇಡಿ. ಐಎಸ್‌ಐ ಗುರುತು ಇರಲೇಬೇಕು.

ರೀಸೋಲ್ ಟೈರ್ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸಲಿಕ್ಕಿಲ್ಲ. ಒಳಗಿನ ದಾರ ಗಟ್ಟಿ ಇದ್ದರೆ ರೀಸೋಲ್ ಕೆಟ್ಟದ್ದೇನಲ್ಲ, ಮನೆಯಿಂದ ಗದ್ದೆಗೆ ಗೊಬ್ಬರ ಹೊರಲು ಸಾಕು. ಆದರೆ ಅರಬೈಲು ಘಟ್ಟ ಇಳಿಯುವ ಟ್ರೈಲರ್‌ಗೆ, ಹೆದ್ದಾರಿ ಹತ್ತುವ ಟ್ರೈಲರ್‌ಗೆ ಬೇಡವೇ ಬೇಡ. ಲಾರಿಯವರು ಬಿಸಾಡಿದ ಹಳೇ ಟೈರ್ ಕಥೆ ಇನ್ನೂ ಕೆಟ್ಟದ್ದು. ಲಾರಿಗೆ ಬೇಡವಾದದ್ದು ನಮ್ಮ ಐದು ಟನ್ನಿಗೆ ಹೇಗೆ ಆದೀತು?

ಹೊಸ ಟೈರ್ ಹಾಕಿಸುವಾಗ ಟ್ಯೂಬ್, ಫ್ಲಾಪ್ ಎರಡೂ ಹೊಸದಿರಲಿ. ಒಂದೇ ಆ್ಯಕ್ಸಲ್‌ಗೆ ಒಂದು ಕಡೆ ನೈಲಾನ್, ಇನ್ನೊಂದು ಕಡೆ ರೇಡಿಯಲ್ ಬೇಡ. ನಮ್ಮ ಕೇರಿಯ ಕಲ್ಲುದಾರಿಗೆ ಎರಡೂ ನೈಲಾನೇ ವಾಸಿ, ಗೋಡೆ ಬೇಗ ಕೊಯ್ಯುವುದಿಲ್ಲ. ಸಮುದ್ರದ ಉಪ್ಪುಗಾಳಿಗೆ ಡಿಸ್ಕ್ ತುಕ್ಕು ಹಿಡಿದಿದ್ದರೆ ಉಜ್ಜಿಸಿ, ಬಣ್ಣ ಹೊಡೆಸಿದ ಮೇಲೆಯೇ ಟೈರ್ ಕೂರಿಸಲಿ. ಪಕ್ಕಾ ಬಿಲ್ ಕೇಳಿ ಪಡೆಯಿರಿ, ಬಿಲ್ ಇಲ್ಲದೆ ಕ್ಲೇಮ್ ಇಲ್ಲ. ಹೇರುವ ಮೊದಲು ಗಾಳಿ ನೋಡಿಸಿ. ಗಾಳಿ ಕಡಿಮೆ ಇದ್ದ ಟೈರ್ ಭಾರಕ್ಕೆ ಮಡಚಿ ಮಡಚಿ ಕಾಯುತ್ತದೆ, ಕಾದದ್ದೇ ಸಿಡಿಯುತ್ತದೆ.

ಇನ್ನೊಂದು ಮಾತು ಟೈರ್‌ನದ್ದಲ್ಲ, ಆದರೂ ಹೇಳಲೇಬೇಕು. ಹುಲ್ಲಿನ ಮೇಲೆ, ಚೀಲದ ಮೇಲೆ ಕೂತು ಬರುವವರು ಹೆಚ್ಚಾಗಿ ನಾವೇ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಉರುಳಿ, ಸರಕಿನ ಜೊತೆ ಬರುತ್ತಿದ್ದ ಹಲವರು ಪ್ರಾಣ ಬಿಟ್ಟರು. ಅಲ್ಲಿ ಟೈರ್ ಒಡೆದಿತ್ತೆಂದು ನಾನು ಹೇಳುತ್ತಿಲ್ಲ. ಭಾರದ ಮೇಲೆ ಕೂತವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ ಎನ್ನುತ್ತಿದ್ದೇನೆ. ಬಸ್ಸಿನಲ್ಲೇ ಬನ್ನಿ.

ಬಾಡಿಗೆ ಟ್ರೈಲರ್ ಆದರೆ ನಾಲ್ಕೈದು ಮನೆಯವರು ಸೇರಿ ಕೇಳಿ: ಟೈರ್ ಯಾವ ವರ್ಷದ್ದು, ಸ್ಟೆಪ್ನಿ ಇದೆಯಾ, ಅದರಲ್ಲಿ ಗಾಳಿ ಇದೆಯಾ? ಒಬ್ಬಳೇ ಕೇಳಿದರೆ ನಗುತ್ತಾರೆ. ಐದು ಜನ ಕೇಳಿದರೆ, ಬಾಡಿಗೆ ತಪ್ಪುತ್ತದೆಂದು ತೋರಿಸುತ್ತಾರೆ. ಸಂಘದ ಮುಂದಿನ ಸಭೆಯಲ್ಲಿ ಹಾಲಿನ ದರದ ಮಾತು ಮುಗಿದ ಮೇಲೆ ಇದನ್ನೂ ಎತ್ತಿ. ಏಪ್ರಿಲ್ ಮುಗಿಯುವುದರೊಳಗೆ ಎತ್ತಿ. ಜೂನ್ ಹತ್ತಿರ ಬಂದ ಮೇಲೆ ಅವಸರದಲ್ಲಿ ಹೋದರೆ ಅಂಗಡಿಯಲ್ಲಿ ಇದ್ದದ್ದನ್ನೇ ಹಾಕಿಸಿಕೊಂಡು ಬರಬೇಕಾಗುತ್ತದೆ.