ಪುರುಷರ ಆರೋಗ್ಯ: ತಪಾಸಣೆಯಾಗದ ಒಂದು ಖಾತೆ

ಕಳೆದ ರಾಜ್ಯೋತ್ಸವದಂದು ನಮ್ಮ ಸಂಘವು ಏರ್ಪಡಿಸಿದ್ದ ಉಚಿತ ಆರೋಗ್ಯ ತಪಾಸಣಾ ಶಿಬಿರದಲ್ಲಿ ಹೆಸರು ಬರೆದುಕೊಳ್ಳುವ ಕಾರ್ಯ ನನ್ನ ಪಾಲಿಗೆ ಬಂದಿತ್ತು. ಬ್ಯಾಂಕಿನವನಾದುದರಿಂದ ಜನರನ್ನು ಸಾಲಿನಲ್ಲಿ ನಿಲ್ಲಿಸುವ ಅಭ್ಯಾಸ ನನಗಿದೆಯೆಂದು ಕಾರ್ಯದರ್ಶಿಗಳು ಭಾವಿಸಿರಬೇಕು. ಸಾಲಿನಲ್ಲಿ ಮಹಿಳೆಯರಿದ್ದರು, ವೃದ್ಧರಿದ್ದರು. ನಲವತ್ತರಿಂದ ಅರವತ್ತರ ನಡುವಿನ ಗಂಡಸರು ಮಾತ್ರ ಕುರ್ಚಿ ಹಾಕುವುದರಲ್ಲಿ, ಧ್ವನಿವರ್ಧಕ ಸರಿಪಡಿಸುವುದರಲ್ಲಿ, ಉಪ್ಪಿಟ್ಟಿನ ಉಸ್ತುವಾರಿಯಲ್ಲಿ ಮಗ್ನರಾಗಿದ್ದರು. "ನಮ್ಮದೇನು ಸಾರ್, ಗಟ್ಟಿಯಾಗಿದ್ದೇವೆ. ಮೊದಲು ಮನೆಯವರದ್ದು ಆಗಲಿ" ಎಂಬ ಉತ್ತರವನ್ನು ಆ ಬೆಳಿಗ್ಗೆ ಎಷ್ಟು ಬಾರಿ ಕೇಳಿದೆನೋ!

ಅವರನ್ನು ಆಕ್ಷೇಪಿಸುವ ಅರ್ಹತೆ ನನಗೂ ಇರಲಿಲ್ಲ. ಸಾಲು ಕರಗಿದ ಮೇಲೆ ವೈದ್ಯರೇ ಒತ್ತಾಯದಿಂದ ನನ್ನ ತೋಳಿಗೆ ಪಟ್ಟಿ ಸುತ್ತಿದರು. 164/102. ಯಂತ್ರ ಕೆಟ್ಟಿರಬೇಕೆಂದು ವಾದಿಸಿದೆ. ನಗದು ಕಡಿಮೆ ಬಿದ್ದಾಗ ಗುಮಾಸ್ತನೊಬ್ಬನು ನೋಟೆಣಿಸುವ ಯಂತ್ರವನ್ನು ದೂರಿದ್ದರೆ ನಾನು ಒಪ್ಪುತ್ತಿದ್ದೆನೇ? ಮುಂದಿನ ವಾರ ಎರಡು ಬಾರಿ ಅಳೆಸಿದಾಗಲೂ ಅಂಕೆ ಇಳಿಯಲಿಲ್ಲ. ಈಗ ದಿನಕ್ಕೊಂದು ಮಾತ್ರೆ, ಸಂಜೆಯ ನಡಿಗೆ, ಉಪ್ಪಿನಕಾಯಿಯ ವಿಯೋಗ.

ನಾನು ವೈದ್ಯನಲ್ಲ, ಕೇವಲ ವಾಣಿಜ್ಯ ಪದವೀಧರ. ಆದುದರಿಂದ ಅಂಕಿಗಳ ಭಾಷೆಯಲ್ಲೇ ಹೇಳುವುದು ಮೇಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15 ವರ್ಷ ಮೇಲ್ಪಟ್ಟ ಪುರುಷರಲ್ಲಿ ನೂರಕ್ಕೆ 24 ಮಂದಿಗೆ ರಕ್ತದೊತ್ತಡ ಹೆಚ್ಚಾಗಿತ್ತು, ಇಲ್ಲವೇ ಅವರು ಅದಕ್ಕಾಗಿ ಔಷಧ ಸೇವಿಸುತ್ತಿದ್ದರು. ಸ್ತ್ರೀಯರಲ್ಲಿ ಈ ಪ್ರಮಾಣ ಸುಮಾರು 21. ಈ ವ್ಯಾಧಿಯ ಕುಟಿಲತೆಯೆಂದರೆ ಅದು ಸಾಮಾನ್ಯವಾಗಿ ನೋಯುವುದಿಲ್ಲ. ಹೃದಯವನ್ನೂ ಮಿದುಳನ್ನೂ ಮೂತ್ರಪಿಂಡವನ್ನೂ ವರ್ಷಗಟ್ಟಲೆ ಸದ್ದಿಲ್ಲದೆ ಸವೆಸುತ್ತಿರುತ್ತದೆ. ನೋವಿಲ್ಲದಿರುವುದನ್ನೇ ಆರೋಗ್ಯವೆಂದು ನಂಬಿ ಬೆಳಗಿನ ಡೊಂಬಿವಿಲಿ ಲೋಕಲ್ ಹಿಡಿದು ಓಡುವವರು ನಾವು. ಅಂದಹಾಗೆ, 2012ರ ಹಣಕಾಸು ಶಾಸನವು ಮುಂಜಾಗ್ರತೆಯ ತಪಾಸಣೆಯ ವೆಚ್ಚಕ್ಕೆ 5,000 ರೂಪಾಯಿಯವರೆಗೆ ತೆರಿಗೆಯ ರಿಯಾಯಿತಿಯನ್ನು ತಂದಿತು. ಅದಕ್ಕೆ ರಸೀದಿ ಬೇಕೇ ಎಂದು ನನ್ನನ್ನು ಕೇಳಿದ ಮಿತ್ರರು ಅನೇಕರು. ತಪಾಸಣೆಯನ್ನು ಎಲ್ಲಿ ಮಾಡಿಸಲಿ ಎಂದು ಕೇಳಿದವರು ಇನ್ನೂ ಬಂದಿಲ್ಲ.

ದೇಹದ ಮಾತು ಇಷ್ಟು ಸಾಕು. ಅದನ್ನು ಅಳೆಯಲು ಯಂತ್ರವಾದರೂ ಇದೆ. ಮನಸ್ಸಿನ ವಿಷಯದಲ್ಲಿ ನಮ್ಮ ಮೌನ ಇನ್ನೂ ದಾರುಣವಾದುದು.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ತಾಳಮದ್ದಳೆಯಲ್ಲಿ ಹೆಸರು ಗಳಿಸಿದ ಅರ್ಥಧಾರಿಗಳು. ಅವರ ಅನುಮತಿ ಪಡೆದೇ, ಹೆಸರು ಹೇಳದೆ ಇದನ್ನು ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಅವರು ಮಂಜೂರು ಮಾಡಿದ ಸಾಲವೊಂದು ಮುಳುಗಿ, ವಿಚಾರಣೆ ಮುಗಿಯುವವರೆಗೆ ಅವರನ್ನು ಕೆಲಸದಿಂದ ಅಮಾನತಿನಲ್ಲಿಟ್ಟರು. ಮನೆಯಲ್ಲಿ ಹೇಳಲಿಲ್ಲ. ಪ್ರತಿದಿನ ಬೆಳಿಗ್ಗೆ ಎಂದಿನ ಸಮಯಕ್ಕೆ ಬುತ್ತಿ ಹಿಡಿದು ಹೊರಡುವುದು, ಮಾಟುಂಗಾದ ಫೈವ್ ಗಾರ್ಡನ್ಸ್‌ನ ಕಲ್ಲುಬೆಂಚಿನ ಮೇಲೆ ಸಂಜೆಯವರೆಗೆ ಕುಳಿತಿದ್ದು ಎಂದಿನ ಗಾಡಿಗೆ ಮರಳುವುದು. ನಾಲ್ಕು ತಿಂಗಳು ಹೀಗೆಯೇ ನಡೆಯಿತು. ಮಳೆ ಸುರಿದು ರೈಲುಗಳು ನಿಂತ ಒಂದು ದಿನ, ಅವರ ಮೊಬೈಲ್ ಸಿಗದಾಗ, ಗಾಬರಿಗೊಂಡ ಪತ್ನಿ ಶಾಖೆಗೆ ಕರೆ ಮಾಡಿದರು. ಆಗ ಸಂಗತಿ ಬಯಲಾಯಿತು. ಆ ವೇಳೆಗೆ ಅವರಿಗೆ ನಿದ್ರೆ ಹೋಗಿತ್ತು, ಊಟ ಸೇರುತ್ತಿರಲಿಲ್ಲ, ಇರುವುದು ಬೇಡವೆನ್ನಿಸುತ್ತಿತ್ತು. ಪತ್ನಿಯೇ ಮನೋವೈದ್ಯರಲ್ಲಿಗೆ ಕರೆದೊಯ್ದರು. ಔಷಧ ಮತ್ತು ಸಮಾಲೋಚನೆಗಳಿಂದ ವರ್ಷದೊಳಗೆ ಚೇತರಿಸಿಕೊಂಡರು. ವಿಚಾರಣೆಯಲ್ಲಿ ಅವರ ತಪ್ಪಿಲ್ಲವೆಂದು ತೀರ್ಮಾನವಾದುದು ಆಮೇಲಿನ ಮಾತು.

ಕೃಷ್ಣನ ಪರವಾಗಿ ಒಂದು ಗಂಟೆ ವಾದಿಸಬಲ್ಲ ಆ ಮನುಷ್ಯನಿಗೆ ತನ್ನ ಪರವಾಗಿ ಒಂದು ವಾಕ್ಯ ಹೊರಡಲಿಲ್ಲ. ಏಕೆಂದು ಕೇಳಿದೆ. "ಮರಾಠಿಯಲ್ಲಿ ತರಕಾರಿ ಕೊಳ್ಳುತ್ತೇನೆ, ಹಿಂದಿಯಲ್ಲಿ ಗ್ರಾಹಕರನ್ನು ಸಮಾಧಾನಪಡಿಸುತ್ತೇನೆ, ಇಂಗ್ಲಿಷಿನಲ್ಲಿ ಆರೋಪಪತ್ರಕ್ಕೆ ಉತ್ತರ ಬರೆದೆ. ಈ ಸಂಕಟವನ್ನು ಕನ್ನಡದಲ್ಲಲ್ಲದೆ ಹೇಳಲಾರೆ. ಕನ್ನಡದವರೆಂದರೆ ನೀವುಗಳೇ. ನಿಮಗೆ ಹೇಳಿದರೆ ಮಾನ ಹೋದೀತೆಂಬ ಭಯ" ಎಂದರು. ಆ ನಾಲ್ಕೂ ತಿಂಗಳು ಅವರು ಭಾನುವಾರಗಳಂದು ಸಂಘದ ಗ್ರಂಥಾಲಯಕ್ಕೆ ಬರುತ್ತಿದ್ದರು. ತಾಳಮದ್ದಳೆಗೆ ಬರುವುದನ್ನು ಮಾತ್ರ ಬಿಟ್ಟಿದ್ದರು. ನಮ್ಮಲ್ಲಿ ಒಬ್ಬನೂ ಕಾರಣ ಕೇಳಲಿಲ್ಲ. ಕೇಳದವರಲ್ಲಿ ನಾನೂ ಒಬ್ಬ.

ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 72 ಮಂದಿ ಪುರುಷರು. ಗಂಡಸಿನ ಖಿನ್ನತೆಯು ಎಷ್ಟೋ ಬಾರಿ ಅಳುವಿನ ರೂಪದಲ್ಲಿ ಬರುವುದಿಲ್ಲ. ಸಿಡುಕು, ಮದ್ಯಪಾನ, ನಿದ್ರಾನಾಶಗಳ ವೇಷದಲ್ಲಿ ಬರುತ್ತದೆ. ನಾವು ಅದನ್ನು ಸ್ವಭಾವವೆಂದು ಕರೆದು ಸುಮ್ಮನಾಗುತ್ತೇವೆ. ಸ್ತ್ರೀಯರ ಆರೋಗ್ಯವೇನು ಸುಭಿಕ್ಷವಾಗಿದೆಯೇ ಎಂದು ಸೋದರಿಯರು ಕೇಳಬಹುದು. ಇಲ್ಲ. ಆದರೆ ಗಂಡನು ಮುಚ್ಚಿಟ್ಟ ಕಾಯಿಲೆಯ ಶುಶ್ರೂಷೆಯೂ ಕಡೆಗೆ ಅವರ ಹೆಗಲಿಗೇ ಬೀಳುವುದಲ್ಲವೇ?

2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ಅದರ ಉನ್ನತ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತನಾಡಬಹುದು, ಶುಲ್ಕವಿಲ್ಲ. ಪರಭಾಷೆಯ ನಾಡಿನಲ್ಲಿರುವ ನಮಗೆ ಇದು ಸಣ್ಣ ಸೌಕರ್ಯವಲ್ಲ.

ಬ್ಯಾಂಕುಗಳ ಸೂಕ್ಷ್ಮ ಹುದ್ದೆಗಳಲ್ಲಿರುವವರು ವರ್ಷಕ್ಕೊಮ್ಮೆ, ಮುನ್ಸೂಚನೆಯಿಲ್ಲದೆ, ಒಂದೇ ಸಲಕ್ಕೆ ಕನಿಷ್ಠ ಹತ್ತು ಕೆಲಸದ ದಿನ ಕಡ್ಡಾಯ ರಜೆಯ ಮೇಲೆ ಹೋಗಬೇಕೆಂದು ರಿಸರ್ವ್ ಬ್ಯಾಂಕು 2021ರಲ್ಲಿ ಸೂಚಿಸಿತು. ಆ ದಿನಗಳಲ್ಲಿ ಬೇರೊಬ್ಬನು ನಮ್ಮ ಕುರ್ಚಿಯಲ್ಲಿ ಕುಳಿತಾಗ, ನಾವು ಬಚ್ಚಿಟ್ಟದ್ದೇನಾದರೂ ಇದ್ದರೆ ಹೊರಬರುತ್ತದೆ. ನಮ್ಮ ದೇಹ, ಮನಸ್ಸುಗಳ ಮೇಲೂ ಬೇರೊಬ್ಬರ ಕಣ್ಣು ಹೀಗೆಯೇ ಬೀಳಬೇಕು. ಸಂಘವು ಅದನ್ನು ಮಾಡಬಹುದು.

ಆದುದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನನ್ನದೊಂದು ಸಲಹೆ. ಪ್ರತಿ ತಿಂಗಳ ಮೊದಲ ಭಾನುವಾರ ಗ್ರಂಥಾಲಯದ ಮೇಜಿನ ಮೇಲೆ, ಪತ್ರಿಕೆಗಳ ಪಕ್ಕದಲ್ಲಿ, ರಕ್ತದೊತ್ತಡ ಅಳೆಯುವ ಯಂತ್ರವೊಂದು ಇರಲಿ. ಅದರ ಬೆಲೆಯನ್ನು ನಾನು ಕೊಡುತ್ತೇನೆ. ಪುಸ್ತಕದಲ್ಲಿ ಮೊದಲ ಹೆಸರೂ ನನ್ನದೇ ಇರಲಿ. ನಿತ್ಯ ಬರುತ್ತಿದ್ದ ಸದಸ್ಯನೊಬ್ಬನು ಮೂರು ವಾರ ಕಾಣದಿದ್ದರೆ, ಅಥವಾ ಬಂದರೂ ಮಾತು ಬಿಟ್ಟಿದ್ದರೆ, ಅವನ ಮನೆಗೆ ಹೋಗಿ ವಿಚಾರಿಸಿಕೊಂಡು ಬರಲು ಇಬ್ಬರು ಬೇಕು. ಒಬ್ಬರು ಈಗಾಗಲೇ ಒಪ್ಪಿದ್ದಾರೆ, ನಮ್ಮ ಅರ್ಥಧಾರಿಗಳು. ಇನ್ನೊಬ್ಬರು ಬೇಕಾಗಿದ್ದಾರೆ.