ಈಜುಕೊಳಕ್ಕೆ ಮದ್ದು ಹೆಚ್ಚಾದಾಗ

ಬೆಂಗಳೂರಿನ ಹೊರವಲಯದ ವಸತಿ ಸಮುಚ್ಚಯವೊಂದರಲ್ಲಿ ವಾಸವಾಗಿರುವ ನಮ್ಮ ಬಂಧುಗಳೊಬ್ಬರು ಕಳೆದ ಬೇಸಗೆಯಲ್ಲಿ ವಿಚಿತ್ರವಾದ ದೂರೊಂದನ್ನು ಹೊತ್ತು ತಂದರು. ಅವರ ಈಜುಕೊಳ ಹಸಿರುಗಟ್ಟಿತ್ತು. ಕ್ಲೋರೀನ್ ಬಿಲ್ಲೆಗಳನ್ನು ಎಷ್ಟು ಹಾಕಿದರೂ ಪಾಚಿ ಅಳಿಯಲೊಲ್ಲದು. ಪರೀಕ್ಷಿಸಿ ನೋಡಿದರೆ ನೀರಿನಲ್ಲಿ ಕ್ಲೋರೀನ್ ಬೇಕಾದಷ್ಟಿದೆ! “ಮಕ್ಕಳಿಗೆ ರಜೆ. ನೀರಿಗಿಳಿಯಬೇಡಿರೆಂದರೆ ಕೇಳುತ್ತಾರೆಯೇ?” ಎಂಬುದು ಅವರ ಸಂಕಟ.

ಕಾವಲುಗಾರನಿದ್ದಾನೆ, ಆದರೆ ಅವನ ಕೈಗಳನ್ನು ಕಟ್ಟಲಾಗಿದೆ ಎಂದು ನಾನು ಹೇಳಬೇಕಾಯಿತು. ತೆರೆದ ಕೊಳದ ಕ್ಲೋರೀನ್ ಪ್ರಖರ ಬಿಸಿಲಿನಲ್ಲಿ ಒಂದು ಗಂಟೆಯೊಳಗಾಗಿ ಅರ್ಧಕ್ಕಿಳಿಯುತ್ತದೆ. ಇದನ್ನು ತಡೆಯಲೆಂದು ಸಯನ್ಯೂರಿಕ್ ಆಮ್ಲವನ್ನು ಸೇರಿಸುವುದುಂಟು. ವ್ಯಾಪಾರಿಗಳು ಇದನ್ನೇ ಸ್ಟೆಬಿಲೈಸರ್ ಎನ್ನುತ್ತಾರೆ. ಲೀಟರಿಗೆ 30ರಿಂದ 50 ಮಿಲಿಗ್ರಾಂ ಇದ್ದರೆ ಅದು ಉಪಕಾರಿ. ಮಿತಿ ಮೀರಿದರೆ ಕ್ಲೋರೀನನ್ನು ಬಿಗಿಹಿಡಿದು, ರೋಗಾಣುಗಳನ್ನು ಕೊಲ್ಲುವ ಅದರ ವೇಗವನ್ನು ಕುಂದಿಸುತ್ತದೆ.

ಯಾರೂ ಸುರಿಯದೆ ಈ ಆಮ್ಲ ಹೆಚ್ಚಿದ್ದು ಹೇಗೆ? ಟ್ರೈಕ್ಲೋರ್ ಬಿಲ್ಲೆಯ ಒಡಲಲ್ಲೇ ಅದು ಅಡಗಿದೆ. ನೀರಿಗೆ 10 ಪಾಲು ಕ್ಲೋರೀನ್ ಸೇರಿದಾಗ ಸುಮಾರು 6 ಪಾಲು ಆಮ್ಲವೂ ಸೇರುತ್ತದೆ. ದಿನಕ್ಕೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರೀನ್ ವೆಚ್ಚವಾಗುವ ಕೊಳದಲ್ಲಿ ತಿಂಗಳಿಗೆ 36 ಮಿಲಿಗ್ರಾಂ ಆಮ್ಲ ಕೂಡುತ್ತದೆ. ಮೂರು ತಿಂಗಳಲ್ಲಿ ನೂರು ದಾಟಿತೆಂದೇ ತಿಳಿಯಿರಿ. ಕ್ಲೋರೀನ್ ವೆಚ್ಚವಾಗುತ್ತದೆ, ಆಮ್ಲ ಉಳಿಯುತ್ತದೆ.

“ಆರಿದಷ್ಟು ನೀರನ್ನು ದಿನವೂ ತುಂಬಿಸುತ್ತೇವಲ್ಲ?” ಎಂದರು ಬಂಧುಗಳು. ಅನೇಕರ ಭ್ರಮೆ ಇದೇ. ಸಾರು ಕುದಿದು ಇಂಗಿದರೆ ಉಪ್ಪು ಇಂಗುವುದುಂಟೇ? ಇಂಗಿದಷ್ಟು ನೀರು ಬೆರೆಸಿದರೆ ಹಳೆಯ ರುಚಿಗೆ ಬಂದೀತೇ ಹೊರತು ಉಪ್ಪು ಕಡಿಮೆಯಾಗದು. ಒಂದಿಷ್ಟು ಸಾರನ್ನು ಚೆಲ್ಲಲೇಬೇಕು. ಕೊಳದ ನ್ಯಾಯವೂ ಅಷ್ಟೇ.

ಅವರ ಕೊಳ ಒಂದು ಲಕ್ಷ ಲೀಟರಿನದು. ಆಮ್ಲ 120 ಇತ್ತು. ಅದನ್ನು 40ಕ್ಕೆ ಇಳಿಸಲು ಮೂರರಲ್ಲಿ ಎರಡು ಪಾಲು, ಎಂದರೆ ಸುಮಾರು 67,000 ಲೀಟರ್ ನೀರನ್ನು ಬದಲಿಸಬೇಕು. 6,000 ಲೀಟರಿನ ಟ್ಯಾಂಕರುಗಳಲ್ಲಿ ಹನ್ನೊಂದಕ್ಕೂ ಮಿಗಿಲು! ಕೊಡ ನೀರಿಗೆ ಸಾಲು ನಿಲ್ಲುವ ಊರಿನಲ್ಲಿ ಈ ಮಾತನ್ನಾಡಲು ನನಗೇ ನಾಚಿಕೆಯಾಯಿತು. 2024ರ ಮಾರ್ಚಿ ತಿಂಗಳ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಲಿಯು ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಕೂಡದೆಂದು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿದ್ದನ್ನು ವಾಚಕರು ಮರೆತಿರಲಾರರು.

ಆದಕಾರಣ ಊಹೆಯ ಮೇಲೆ ಒಂದು ಹನಿಯನ್ನೂ ಚೆಲ್ಲಬಾರದು. ಪರೀಕ್ಷೆ ಸುಲಭ. ಕೊಳದ ನೀರಿಗೆ ಪರೀಕ್ಷಾದ್ರವ ಬೆರೆಸಿದಾಗ ಅದು ಹಾಲಿನಂತೆ ಮಸುಕಾಗುತ್ತದೆ. ಕೊಳವೆಯ ತಳದ ಕಪ್ಪು ಚುಕ್ಕೆ ಯಾವ ಗೆರೆಯಲ್ಲಿ ಮರೆಯಾಯಿತೆಂಬುದೇ ಉತ್ತರ. ನೂರರ ಮೇಲಿದೆಯೆಂಬ ಸಂದೇಹವಿದ್ದರೆ ಸಮಪಾಲು ಶುದ್ಧ ನೀರು ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಇಮ್ಮಡಿ ಮಾಡಿಕೊಳ್ಳುವುದು.

ಇನ್ನು ಚೆಲ್ಲುವ ಕ್ರಮ. ಒಂದು ಕಡೆ ಹರಿಯಬಿಟ್ಟು ಇನ್ನೊಂದು ಕಡೆ ತುಂಬಿಸುತ್ತ ಹೋದರೆ ಹೊಸ ನೀರೂ ಹಳೆಯದರೊಂದಿಗೆ ಬೆರೆತು ಹೊರಹೋಗುತ್ತದೆ. ಅದೇ ಫಲಕ್ಕೆ 1,10,000 ಲೀಟರ್ ಬೇಕಾದೀತು. ಒಮ್ಮೆಲೇ ಇಳಿಸಿ ಆಮೇಲೆ ತುಂಬಿಸುವುದೇ ಮಿತವ್ಯಯ. ಆದರೆ ಪೂರ್ತಿ ಬರಿದು ಮಾಡುವುದು ಅಪಾಯಕರ. ಅಂತರ್ಜಲ ಮೇಲಿರುವ ಕಡೆ ಖಾಲಿ ಕೊಳವನ್ನು ಕೆಳಗಿನ ನೀರು ಮೇಲೆತ್ತಿ ಬಿರುಕು ಬಿಡಿಸಬಲ್ಲದು. ಅಂಥಲ್ಲಿ ಇಂಜಿನಿಯರರನ್ನು ಕೇಳಿಯೇ ಕೈಹಾಕಬೇಕು. ಕ್ಲೋರೀನ್ ಇರುವ ನೀರನ್ನು ರಾಜಕಾಲುವೆಗೆ ಬಿಡಲೇ ಕೂಡದು. ಅದು ಕೆರೆಯ ಮೀನಿಗೆ ವಿಷ.

ಬಂಧುಗಳ ಸಮುಚ್ಚಯದಲ್ಲಿ ಇದಕ್ಕಾಗಿ ಎರಡು ಸಭೆಗಳು ನಡೆದುವಂತೆ. ಕಡೆಗೆ ಮಳೆಗಾಲದ ಮೊದಲ ವಾರಗಳನ್ನು ಕಾಯುವುದೆಂದು ನಿಶ್ಚಯವಾಯಿತು. 1,000 ಚದರ ಮೀಟರ್ ತಾರಸಿಯ ಮೇಲೆ 70 ಮಿಲಿಮೀಟರ್ ಮಳೆ ಸುರಿದರೆ 70,000 ಲೀಟರ್ ನೀರು. ಅದರಲ್ಲಿ ಈ ಆಮ್ಲದ ಸುಳಿವೇ ಇಲ್ಲ. ಅಲ್ಲಿಯವರೆಗೆ ಕೊಳಕ್ಕೆ ಬೀಗ. ಸೊಳ್ಳೆ ಮೊಟ್ಟೆಯಿಡದಂತೆ ಪಂಪು ಮಾತ್ರ ತಿರುಗುತ್ತಿತ್ತು. ತೆಗೆದ ಹಳೆಯ ನೀರನ್ನು ಶೌಚಾಲಯಗಳ ತೊಟ್ಟಿಗೆ ಹರಿಸಿದರು. ಬಿಲ್ಲೆಗಳನ್ನು ಬಿಟ್ಟು ದ್ರವರೂಪದ ಹೈಪೋಕ್ಲೋರೈಟಿಗೆ ಬದಲಾದರು. ಬ್ಲೀಚಿಂಗ್ ಪುಡಿಯನ್ನು ಬಳಸುವವರಿಗೆ ಮಾತ್ರ ಒಂದು ಎಚ್ಚರಿಕೆ: ಬಿಲ್ಲೆಗಳಿದ್ದ ಪಾತ್ರೆಗೆ ಅದನ್ನು ಸುರಿಯಬೇಡಿ. ಎರಡೂ ಕೂಡಿದರೆ ಬೆಂಕಿ, ಸ್ಫೋಟ ಸಂಭವಿಸಬಹುದು.

ಜುಲೈಯಲ್ಲಿ ಕೊಳ ತೆರೆಯಿತು. ತಳದ ಬಿಲ್ಲೆಗಲ್ಲುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆಯೆಂದು ಬಂಧುಗಳು ಹಿಗ್ಗಿನಿಂದ ಹೇಳಿದರು. ಮಕ್ಕಳು ಮಾತ್ರ, ರಜೆಯೆಲ್ಲ ಮುಗಿದ ಮೇಲೆ ಯಾರಿಗಾಗಿ ಈ ಕೊಳ ಎಂದು ಇನ್ನೂ ಮುನಿಸಿಕೊಂಡಿದ್ದಾರಂತೆ.